ಸೆಟ್ ಆಯ್ತಾ?

ಬೆಳಿಗ್ಗೆ ಹೋಟೆಲಿಗೆ ಹೋದರೆ ಸೆಟ್ ದೋಸೆ. ಮನೆಗೆ ಬಂದರೆ ಟೀವಿ ಸೆಟ್ಟು, ಸೋಫಾ ಸೆಟ್ಟು, ಮದುವೆಗೆ ಬಂದ ಡಿನ್ನರ್ ಸೆಟ್ಟು. ಸಿನಿಮಾದವರಿಗೆ ಸೆಟ್ ಹಾಕೋದೇ ದೊಡ್ಡ ಖರ್ಚು. ಕ್ರಿಕೆಟ್ ನೋಡೋರು ‘ಬ್ಯಾಟ್ಸ್‌ಮನ್ ಸೆಟ್ ಆಗಿದ್ದಾನೆ’ ಅಂತಾರೆ. ಗಾರೆ ಮೇಸ್ತ್ರಿ ‘ಸಿಮೆಂಟ್ ಇನ್ನೂ ಸೆಟ್ ಆಗಿಲ್ಲ, ತುಳೀಬೇಡಿ’ ಅಂತ ಕೂಗ್ತಾನೆ. ಹೊಸ ಸೊಸೆ ಬಂದ ಮನೆಯಲ್ಲಿ ‘ಹುಡುಗಿ ಸೆಟ್ ಆದಳಾ?’ ಅಂತ ವಿಚಾರಿಸ್ತಾರೆ. ಮೂರಕ್ಷರದ ಇಂಗ್ಲಿಷ್ ಪದ ಒಂದೇ, ದುಡಿಮೆ ಮಾತ್ರ ಹತ್ತಾಳಿನದು!

ಇದು ಇಂಗ್ಲಿಷಿನವರಿಗೂ ತಲೆನೋವಿನ ಪದವೇ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಅನ್ನುವ ಕ್ರಿಯಾಪದಕ್ಕೇ ಸುಮಾರು 430 ಅರ್ಥಗಳು. ಆಗ ಇಡೀ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ಅದರದ್ದೇ. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಒಂಬತ್ತು ತಿಂಗಳು ಕೂತು ‘ರನ್’ಗೆ 645 ಅರ್ಥಗಳನ್ನು ಹೆಕ್ಕಿದರು.

ಈ ಲೆಕ್ಕ ಕೇಳಲು ಮಜವಾಗಿದೆ. ಆದರೆ ಕಲಿಯುವವರ ಪಾಡು ಬೇರೆ. ನಮ್ಮ ರಸ್ತೆಯ ಹುಡುಗಿಯೊಬ್ಬಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆ ಅಂಕ ತೆಗೆದು, ಪಿಯುಸಿ ಸೈನ್ಸ್ ಸೇರಿದಳು. ಗಣಿತದ ಮೊದಲ ಪಾಠವೇ ‘ಸೆಟ್ಸ್’. ಅದು ‘ಗಣ’ ಅಂತ ಗೊತ್ತಾದ ಮೇಲೆ ಸಮಾಧಾನವಾಯಿತು. ಅಷ್ಟರಲ್ಲಿ ಲ್ಯಾಬಿನಲ್ಲಿ ‘ಸೆಟ್ ಅಪ್’ ಮಾಡು ಅಂದರು, ಇನ್ನೊಂದು ಪುಸ್ತಕದಲ್ಲಿ ‘ಸೆಟ್ ಇನ್ ಮೋಶನ್’ ಅಂತ ಬಂತು. ಅಲ್ಲೆಲ್ಲ ಗಣ ಎಲ್ಲಿಂದ ಬರಬೇಕು? “ಆಂಟಿ, ಒಂದು ಪದಕ್ಕೇ ಇಷ್ಟು ಅರ್ಥ ಇದ್ರೆ ನಾನು ಇಂಗ್ಲಿಷ್ ಕಲಿತು ಮುಗಿಸೋದು ಯಾವಾಗ? ಸೈನ್ಸ್ ಬಿಟ್ಟುಬಿಡ್ತೀನಿ” ಅಂದಳು. ಬುದ್ಧಿವಂತ ಮಗು ಒಂದು ಪದಕ್ಕೆ ಹೆದರಿ ದಾರಿ ಬದಲಿಸೋದು ಅಂದರೇನು! ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

‘ಸೆಟ್’ ನಮಗೆ ಅಪರಿಚಿತವಲ್ಲ. ‘ಸಿಟ್’ ಅಂದರೆ ಕೂರು. ‘ಸೆಟ್’ ಹುಟ್ಟಿದ್ದು ‘ಕೂರಿಸು’ ಅನ್ನುವ ಅರ್ಥದಲ್ಲಿ. ಕನ್ನಡದಲ್ಲೂ ಇದೇ ಜೋಡಿ ಇದೆಯಲ್ಲ? ನಾವು ದಸರೆಗೆ ಗೊಂಬೆ ಕೂರಿಸ್ತೀವಿ, ಚೌತಿಗೆ ಗಣಪತಿ ಕೂರಿಸ್ತೀವಿ. ಅಕ್ಕಸಾಲಿಗ ಬೆಂಡೋಲೆಗೆ ಹರಳು ಕೂರಿಸಿದರೆ ಇಂಗ್ಲಿಷಿನಲ್ಲಿ ಅದೂ ‘ಸೆಟ್’. ವೈದ್ಯರು ಮುರಿದ ಮೂಳೆ ಕೂರಿಸಿದರೆ ಅದೂ ‘ಸೆಟ್’.

ಇನ್ನು ನಮ್ಮ ‘ಇಡು’ ನೋಡಿ. ಕಾಲಿಡು, ಬೆಂಕಿ ಇಡು, ಮುಹೂರ್ತ ಇಡು, ಅಲಾರಾಂ ಇಡು. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ನಡೆಯುತ್ತೆ. ಅಷ್ಟಕ್ಕೆ ನಿಲ್ಲದೆ ನಾವು ಹೆಸರಿಡ್ತೀವಿ, ನಂಬಿಕೆ ಇಡ್ತೀವಿ, ಕೋಳಿ ಮೊಟ್ಟೆ ಇಡುತ್ತೆ, ಪಕ್ಕದ ಮನೆಯವರು ಕಣ್ಣಿಡ್ತಾರೆ. ಇಷ್ಟನ್ನೂ ನಮಗೆ ಯಾರು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರು? ಅಡುಗೆಮನೆ, ಜಗಲಿ, ಜಗಳ, ಹಬ್ಬಗಳಲ್ಲಿ ಕೇಳಿ ಕೇಳಿ ಬಂತು.

ಹಾಗಾದರೆ ದೋಸೆಯ ಸೆಟ್ಟು, ಗಣಿತದ ಸೆಟ್ಟು? ಗುಂಪು ಅನ್ನುವ ಈ ಅರ್ಥ ಬೇರೆ ದಾರಿಯಿಂದ ಬಂದದ್ದು. ಲ್ಯಾಟಿನ್ನಿನ ‘ಸೆಕ್ಟಾ’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಮೊದಲೇ ಇದ್ದ ‘ಸೆಟ್’ ಜೊತೆ ಬೆರೆತುಹೋಯಿತು. ಪಂಗಡ ಅನ್ನುವ ‘ಸೆಕ್ಟ್’ ಇದರ ಒಡಹುಟ್ಟು. ಎರಡು ಊರಿನ ನೆಂಟರು ಒಂದೇ ಮನೆ ಸೇರಿ ಒಂದೇ ಹೆಸರಲ್ಲಿ ಕರೆಸಿಕೊಂಡ ಹಾಗೆ.

ಆದರೆ ಒಂದು ಎಚ್ಚರಿಕೆ. ಪಕ್ಕಕ್ಕೆ ಸಣ್ಣ ಪದ ಬಂದು ಕೂತರೆ ‘ಸೆಟ್’ ಬಣ್ಣ ಬದಲಿಸುತ್ತೆ. ಚುನಾವಣೆಯ ಸುದ್ದಿಯಲ್ಲಿ ‘ಸೆಟ್‌ಬ್ಯಾಕ್’ ಅಂದರೆ ಹಿನ್ನಡೆ. ಮನೆ ಕಟ್ಟುವಾಗ ಅದೇ ‘ಸೆಟ್‌ಬ್ಯಾಕ್’ ಅಂದರೆ ಸೈಟಿನ ಗಡಿಯಿಂದ ನಿಯಮದ ಪ್ರಕಾರ ಬಿಡಬೇಕಾದ ಖಾಲಿ ಜಾಗ. ಸಂಬಳದಲ್ಲಿ ಸ್ವಲ್ಪ ‘ಸೆಟ್ ಅಸೈಡ್’ ಮಾಡಿದರೆ ಅದು ತೆಗೆದಿಟ್ಟ ದುಡ್ಡು. ಕೋರ್ಟು ಕೆಳಗಿನ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದರೆ ಆ ಆದೇಶ ರದ್ದಾಯಿತು ಅಂತ. ಸದ್ಯಕ್ಕೆ ಬದಿಗಿಟ್ಟಿದ್ದಾರೆ, ಆಮೇಲೆ ನೋಡ್ತಾರೆ ಅಂದುಕೊಂಡು ಸುಮ್ಮನೆ ಕೂತರೆ ಹೊಲ, ಮನೆ, ಕೆಲಸದ ವಿಚಾರದಲ್ಲಿ ದುಬಾರಿಯಾದೀತು. ಅಂಥ ಕಾಗದ ಬಂದಾಗ ನಿಘಂಟು ಸಾಲದು, ವಕೀಲರನ್ನೇ ಕೇಳಿ.

ಉಳಿದ ಕಡೆ ಹೆದರಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪದದ ಮುಂದೆ ಅರ್ಥ ಬರೆಯುವ ಬದಲು ಅದು ಬಂದ ಇಡೀ ವಾಕ್ಯ ಬರೆಯಿರಿ, ಕೆಳಗೆ ನಿಮ್ಮ ಮನೆಯ ಕನ್ನಡದಲ್ಲಿ ಅದನ್ನು ಹೇಗೆ ಹೇಳ್ತೀರೋ ಹಾಗೆ ಬರೆಯಿರಿ. ದಿನಕ್ಕೆ ಒಂದು ವಾಕ್ಯ ಸಾಕು. 430 ಅರ್ಥ ಗೊತ್ತಿಲ್ಲದೆಯೂ ಇಂಗ್ಲಿಷಿನವರು ಸಂಸಾರ ಮಾಡ್ತಿದ್ದಾರೆ, ನಾವೂ ಮಾಡೋಣ.