ಹಿತ್ತಿಲ ಸೈಕಲ್ಲಿಗೂ ಒಂದು ಭಾನುವಾರ

ಅಕ್ಕಂದಿರೇ, 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟಿತಲ್ಲ, ನಿಮ್ಮ ಮಗಳದ್ದು ಹಿತ್ತಿಲಲ್ಲಿ ಸುಮ್ಮನೆ ನಿಂತಿದೆಯೇ? ನಮ್ಮ ಹೆಬಳೆಯ ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ನಾಲ್ಕು ಹನಿ ಬಿಡಿ. ಬ್ರೇಕು ಸರಿಯಿದೆಯೇ ನೋಡಿ.

ಭಾನುವಾರ ಬೆಳಿಗ್ಗೆ ದೋಸೆಹಿಟ್ಟನ್ನು ಮನೆಯವರ ಕೈಗೊಪ್ಪಿಸಿ, ನಾಲ್ಕು ಜನ ಸೇರಿ ಶಿರಾಲಿಯವರೆಗೆ ಹೊರಡಿ. ಸೆರಗು, ದುಪಟ್ಟಾ ಬಿಗಿದು ಕಟ್ಟಿ. ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಿ. ನಿಧಾನ ತುಳಿಯುವವರು ಮುಂದಿರಲಿ, ಆಗ ಯಾರೂ ಹಿಂದುಳಿಯುವುದಿಲ್ಲ.

"ಈ ವಯಸ್ಸಿಗೆ ಇದೆಂಥದು?" ಅಂತಾರೆ, ಅನ್ನಲಿ. ಮೊದಲ ದಿನ ನಾನೂ ತಲೆ ತಗ್ಗಿಸಿಯೇ ಹೋದೆ. ಹಾಗೆ ಅಂದ ಪಕ್ಕದ ಮನೆಯವರೇ ಮರುವಾರ ಬಂದು ಮೆಲ್ಲಗೆ ಕೇಳಿದರು: "ನಂಗೂ ಕಲಿಸ್ತೀರಾ?"