ಮೋಟಿವೇಶನ್ ಅನ್ನೋ ಗುಮ್ಮ

ತೂಕ ಇಳಿಸೋಕೆ ಏನು ಬೇಕು ಅಂತ ಯಾರನ್ನಾದ್ರೂ ಕೇಳಿ ನೋಡಿ. ಜಿಮ್ಮಿನ ಟ್ರೈನರ್ರು, ಆಫೀಸಿನ ಎಚ್ಚಾರ್ ಮೇಡಮ್ಮು, ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಪ್ಪ, ಬೆಳಗ್ಗೆ ಐದಕ್ಕೇ ವಾಟ್ಸಾಪ್ ಗ್ರೂಪಿಗೆ ಸೂರ್ಯೋದಯದ ಚಿತ್ರ ಕಳಿಸೋ ಹಳೇ ಕ್ಲಾಸ್‌ಮೇಟು... ಎಲ್ಲರ ಬಾಯಲ್ಲೂ ಒಂದೇ ಮಾತು. "ಮನಸ್ಸು ಗಟ್ಟಿ ಮಾಡ್ಬೇಕು ಅಷ್ಟೇ". ಇದಕ್ಕೇ ಸ್ವಲ್ಪ ಇಸ್ತ್ರಿ ಹಾಕಿದ್ರೆ "ಮೋಟಿವೇಶನ್". ತೂಕ ಇಳಿದರೆ ಮೋಟಿವೇಶನ್ ಇತ್ತು, ಇಳಿಯದಿದ್ದರೆ ಇರಲಿಲ್ಲ. ಎಷ್ಟು ಸಲೀಸು ನೋಡಿ! ಈ ಸಿದ್ಧಾಂತವನ್ನ ತಪ್ಪು ಅಂತ ಸಾಬೀತು ಮಾಡೋದು ಆ ಬ್ರಹ್ಮನಿಂದಲೂ ಆಗಲ್ಲ.

ನನಗಂತೂ ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗ್ಬಹುದು, ಕಾಫಿ ಇಟ್ಕೊಂಡು ಕೂತ್ಕೊಳ್ಳಿ (ಸಕ್ಕರೆ ನಿಮ್ಮಿಷ್ಟ :-) ).

ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ನಾವು ಬರೆದ ಪ್ರೋಗ್ರಾಮನ್ನ ನೂರು ಜನ ಬಳಸಿ, ಅದರಲ್ಲಿ ಬಹುಪಾಲು ಜನ ಒಂದೇ ಜಾಗದಲ್ಲಿ ಎಡವಿದ್ರು ಅಂತಿಟ್ಕೊಳ್ಳಿ. "ಬಳಸೋರಿಗೆ ಶ್ರದ್ಧೆ ಸಾಲದು" ಅಂತ ಬರೆದು ಆ ಬಗ್ಗನ್ನ ಮುಚ್ಚಿಬಿಟ್ರೆ ಮ್ಯಾನೇಜರ್ ಮುಖಕ್ಕೆ ಉಗೀತಾನೆ. ಆದ್ರೆ ಅದೇ ಮ್ಯಾನೇಜರ್ರು ಊಟದ ಹೊತ್ತಿಗೆ ಪಕ್ಕದ ಟೀಮಿನ ದಪ್ಪಗಿರೋ ಹುಡುಗನ್ನ ನೋಡಿ "ಇವನಿಗೆ ಡಿಸಿಪ್ಲಿನ್ ಇಲ್ಲ ಕಣ್ರೀ" ಅಂತಾನೆ. ಪ್ರೋಗ್ರಾಮಿಗೆ ಒಂದು ನ್ಯಾಯ, ಮನುಷ್ಯನಿಗೆ ಇನ್ನೊಂದು.

2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಇದೆ, ಸೆಮಾಗ್ಲುಟೈಡ್ ಅನ್ನೋ ಔಷಧಿಯದ್ದು. 2025ರ ಜೂನಿನಲ್ಲಿ ವೆಗೋವಿ ಅನ್ನೋ ಹೆಸರಲ್ಲಿ ನಮ್ಮ ದೇಶಕ್ಕೂ ಬಂತಲ್ಲ, ವಾರಕ್ಕೊಂದು ಸೂಜಿ, ಅದೇ. 1961 ಜನ, 68 ವಾರ. ಒಂದು ಗುಂಪಿಗೆ ನಿಜವಾದ ಔಷಧಿ, ಇನ್ನೊಂದಕ್ಕೆ ಔಷಧಿ ಇಲ್ಲದ ಹುಸಿ ಸೂಜಿ. ಇಲ್ಲಿ ಜಾಣರು ಗಮನಿಸಬೇಕಾದ್ದು ಒಂದಿದೆ. ಏನು ತಿನ್ನಬೇಕು, ಎಷ್ಟು ನಡೀಬೇಕು ಅಂತ ಎರಡೂ ಗುಂಪಿನವರಿಗೆ ಆಗಾಗ ಕೂರಿಸಿಕೊಂಡು ಸಲಹೆ ಕೊಡ್ತಾ ಇದ್ರು. ಅಂದ್ರೆ ಬುದ್ಧಿಮಾತು ಇಬ್ಬರಿಗೂ ಸಮಪಾಲು. ಬರೀ ಬುದ್ಧಿಮಾತಿನವರು ಸರಾಸರಿ ಶೇ 2.4ರಷ್ಟು ತೂಕ ಇಳಿಸಿದ್ರು. ಔಷಧಿಯವರು ಶೇ 14.9.

ಈಗ ಹೇಳಿ, ಆ ಸೂಜಿಯೊಳಗೆ ತುಂಬಿದ್ದು ಮೋಟಿವೇಶನ್ನಾ? ಊಟ ಆದಮೇಲೆ ಕರುಳು ಮಿದುಳಿಗೆ "ಸಾಕಪ್ಪಾ" ಅಂತ ಕಳಿಸೋ ಸಂದೇಶವನ್ನ ನಕಲು ಮಾಡೋ ರಾಸಾಯನಿಕ ಅದು. ಹಸಿವು ತಗ್ಗಿತು, ತೂಕ ಇಳೀತು. ಸೂಜಿ ನಿಲ್ಲಿಸಿದ ಮೇಲೆ ಒಂದು ವರ್ಷದೊಳಗೆ ಇಳಿದಿದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು. ಅಂದ್ರೆ ಆ ಜನರ ಗಟ್ಟಿ ಮನಸ್ಸು ಸೂಜಿ ಜೊತೆ ಬಂದು ಸೂಜಿ ಜೊತೆ ಹೊರಟುಹೋಯ್ತಾ? (ನಾನು ಸೂಜಿ ಮಾರೋಕೆ ಬಂದವನಲ್ಲ. ಬೆಲೆ, ಅಡ್ಡಪರಿಣಾಮ ಎಲ್ಲ ಡಾಕ್ಟರ ಹತ್ರ ಕೇಳ್ಕೊಳ್ಳಿ.)

"ಅದು ಬಿಡು, ನಿಜವಾಗ್ಲೂ ಹಟ ಇರೋರು ಮಾಡ್ತಾರೆ" ಅಂತೀರಾ? ಸರಿ. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅಂತ ಒಂದು ಟಿವಿ ಶೋ ಇತ್ತು. ಇಡೀ ದೇಶದ ಎದುರು ಬೆವರು ಸುರಿಸಿ ತೂಕ ಇಳಿಸೋದು, ಗೆದ್ದವರಿಗೆ ದುಡ್ಡು. ಅವರಿಗಿಂತ ಮೋಟಿವೇಶನ್ ಇದ್ದವರು ಸಿಗ್ತಾರಾ? ಅದರಲ್ಲಿ ಭಾಗವಹಿಸಿದ್ದ 14 ಜನರನ್ನ ಕೆವಿನ್ ಹಾಲ್ ಮತ್ತವರ ತಂಡ ಆರು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ರು. ಸರಾಸರಿ 58 ಕೆಜಿ ಇಳಿಸಿದ್ದ ಜನಕ್ಕೆ 41 ಕೆಜಿ ವಾಪಸ್ ಬಂದಿತ್ತು. ಅದಕ್ಕಿಂತ ಹೊಟ್ಟೆ ಉರಿಸೋ ವಿಷಯ ಅಂದ್ರೆ, ಸುಮ್ಮನೆ ಕೂತಿರುವಾಗ ಅವರ ದೇಹ ಖರ್ಚು ಮಾಡೋ ಶಕ್ತಿ, ಆ ಗಾತ್ರದ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಆರು ವರ್ಷ ಆದ್ಮೇಲೂ! ಒಂದು ಹೊತ್ತಿನ ಊಟದಷ್ಟು ಶಕ್ತಿಯನ್ನ ದೇಹ ಸದ್ದಿಲ್ಲದೆ ಉಳಿಸ್ತಾ ಕೂತಿದೆ. ಬಚ್ಚಲಮನೆಯ ಗೀಸರಿಗೆ ಥರ್ಮೋಸ್ಟಾಟ್ ಇರುತ್ತಲ್ಲ, ನೀರು ತಣ್ಣಗಾದ ತಕ್ಷಣ ಟಕ್ ಅಂತ ಆನ್ ಆಗುತ್ತೆ. ಅದರ ಮುಂದೆ ನಿಂತು ಗಟ್ಟಿ ಮನಸ್ಸಿನಿಂದ ದಿಟ್ಟಿಸಿ ನೋಡಿದ್ರೆ ಆಫ್ ಆಗಲ್ಲ.

ಈಗ ತೂಕದ ಯಂತ್ರದ ವಿಷಯ. ನನ್ನ ಜಗಳದ ಮುಖ್ಯ ಭಾಗ ಇದೇ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದ್ರಿ ಅಂದ್ಕೊಳ್ಳಿ, ಸಣ್ಣ ಸಾಹಸ ಅಲ್ಲ ಅದು. ಆ ದಿನ ಕರಗೋ ಕೊಬ್ಬು 65 ಗ್ರಾಂ. ಅದೇ ನೀರು, ಉಪ್ಪು, ಹೊಟ್ಟೆಯಲ್ಲಿ ಉಳಿದ ಊಟ, ಇವುಗಳಿಂದಲೇ ಯಂತ್ರದ ಮೇಲಿನ ಅಂಕಿ ಒಂದು ದಿನಕ್ಕೆ ಒಂದು ಕೆಜಿ ಅತ್ತಿತ್ತ ಆಡುತ್ತೆ. ಒಂದು ಲೋಟ ನೀರು ಕುಡಿದ್ರೆ 200 ಗ್ರಾಂ. ಮೂರು ದಿನದ ತಪಸ್ಸು ಒಂದು ಲೋಟ ನೀರಲ್ಲಿ ಮುಳುಗಿಹೋಯ್ತು! ಸಿಗ್ನಲ್ 65, ನಾಯ್ಸ್ 1000. ಇಂಥ ಅಳತೆಯನ್ನ ಲ್ಯಾಬ್ ರೆಕಾರ್ಡಿನಲ್ಲಿ ಬರೆದುಕೊಂಡು ಹೋಗಿದ್ರೆ ನಮ್ಮ ಕಾಲೇಜಿನ ಮೇಷ್ಟ್ರು ರೆಕಾರ್ಡನ್ನೇ ಕಿಟಕಿಯಿಂದ ಎಸೀತಿದ್ರು.

ಇದರ ಇನ್ನೊಂದು ಆಟ ನೋಡಿ. ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕೆಜಿ ಜರ್ ಅಂತ ಇಳಿಯುತ್ತೆ. ಲಿವರ್ರು, ಮಾಂಸಖಂಡಗಳಲ್ಲಿ ಶೇಖರವಾಗಿರೋ ಗ್ಲೈಕೋಜನ್ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನ ಹಿಡಿದಿಟ್ಕೊಂಡಿರುತ್ತೆ. ಅನ್ನ ಕಡಿಮೆ ಮಾಡಿದ ಕೂಡ್ಲೇ ಗ್ಲೈಕೋಜನ್ ಕರಗಿ ನೀರು ಹೊರಗೆ. ಆಗ ಎಲ್ಲರೂ "ಆಹಾ ಏನು ಮೋಟಿವೇಶನ್!" ಅಂತ ಬೆನ್ನು ತಟ್ಟುತ್ತಾರೆ. ಮೂರನೇ ವಾರ ನಿಜವಾದ ಕೊಬ್ಬು ಗ್ರಾಂ ಲೆಕ್ಕದಲ್ಲಿ ಕರಗ್ತಾ ಇರುತ್ತೆ, ಯಂತ್ರದ ಮುಳ್ಳು ಅಲ್ಲಾಡಲ್ಲ. "ಏನಪ್ಪಾ, ಜೋಶ್ ಇಳಿದುಹೋಯ್ತಾ?" ಅಂತಾರೆ. ನೀರು ಇಳಿದಾಗ ಸನ್ಮಾನ, ಕೊಬ್ಬು ಇಳಿದಾಗ ಅವಮಾನ.

ಇದು ತಮಾಷೆಯಾಗಿಯೇ ಉಳಿದಿದ್ರೆ ನಾನು ಇಷ್ಟು ಕುಟ್ಟುತ್ತಾ ಕೂರ್ತಿರಲಿಲ್ಲ. ಹೋದ ವರ್ಷ ನಮ್ಮ ಆಫೀಸಿನಲ್ಲಿ ಹನ್ನೆರಡು ವಾರದ ತೂಕ ಇಳಿಸೋ ಸ್ಪರ್ಧೆ ಇಟ್ಟಿದ್ರು. ಪ್ರತಿ ಸೋಮವಾರ ಕೆಫೆಟೇರಿಯಾ ಬಾಗಿಲಲ್ಲೇ ತೂಕ, ಸಂಜೆ ಎಲ್ಲರಿಗೂ ರ‍್ಯಾಂಕ್ ಪಟ್ಟಿಯ ಮೇಲು. ಗೆದ್ದ ಮಹಾನುಭಾವ ಭಾನುವಾರ ಮಧ್ಯಾಹ್ನದಿಂದಲೇ ನೀರು ಬಿಡ್ತಿದ್ದ. ಹಾಗಂತ ಅವನೇ ಹೆಮ್ಮೆಯಿಂದ ಹೇಳ್ಕೊಂಡ. ಬಹುಮಾನವಾಗಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕು ಅಂತ ಕೂಗೋ ವಾಚು ಸಿಕ್ತು. (ಆ ಹತ್ತು ಸಾವಿರದ ಮೂಲ 1965ರಲ್ಲಿ ಜಪಾನಿನವರು ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರು, ಮಾನ್ಪೋ-ಕೇ. ಯಾವ ಡಾಕ್ಟರೂ ಅಳೆದು ಹೇಳಿದ್ದಲ್ಲ.)

ಅದೇ ಪಟ್ಟಿಯಲ್ಲಿ 43 ಜನರಲ್ಲಿ 41ನೆಯವನಾಗಿದ್ದ ನಮ್ಮ ಟೀಮಿನ ಒಬ್ಬ ಹುಡುಗ. ಅವರಪ್ಪನಿಗೆ ನಲವತ್ತೆರಡಕ್ಕೇ ಶುಗರ್ ಬಂದು, ಈಗ ಒಂದು ಕಾಲಿನ ಎರಡು ಬೆರಳಿಲ್ಲ. ಆ ಹೆದರಿಕೆಯಿಂದಲೇ ಇವನು ಹನ್ನೆರಡು ವಾರ ಒಂದು ದಿನ ತಪ್ಪಿಸದೆ ಬೆಳಗ್ಗೆ ಮುಕ್ಕಾಲು ಗಂಟೆ ಕೆರೆ ಸುತ್ತಿದ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ 6.2ರಿಂದ 5.8ಕ್ಕೆ ಬಂತು. ತೂಕ ಇಳಿದಿದ್ದು 800 ಗ್ರಾಂ. ಕೊನೇ ಮೇಲಿನಲ್ಲಿ ಅವನ ಹೆಸರು "ಇನ್ನಷ್ಟು ಮೋಟಿವೇಶನ್ ಬೇಕಾದವರು" ಅನ್ನೋ ತಲೆಬರಹದ ಕೆಳಗಿತ್ತು. ಮಾರನೇ ದಿನದಿಂದ ಅವನು ನಡೆಯೋದು ಬಿಟ್ಟ.

ಈ ಹುಡುಗನಿಗೆ ಆಗಿದ್ದು ಅಪರೂಪದ್ದೂ ಅಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಮಾಮೂಲಿ ಸಲಹೆ ಹೇಳಿ ಕಳಿಸಿದವರಲ್ಲಿ ಮೂರು ವರ್ಷದೊಳಗೆ ಶೇ 55 ಜನ ಡಯಾಬಿಟಿಸ್‌ಗೆ ಜಾರಿದ್ರು. ನಡಿಗೆ, ಊಟ ಬದಲಿಸೋಕೆ ಬೆನ್ನಿಗೆ ನಿಂತ ಗುಂಪಿನಲ್ಲಿ ಶೇ 39. ಆದ್ರೆ ಆ ಗುಂಪಿನ ತೂಕ ಹೇಳಿಕೊಳ್ಳೋ ಹಾಗೆ ಇಳಿದೇ ಇರಲಿಲ್ಲ! ನಮ್ಮ ಆಫೀಸಿನ ಪಟ್ಟಿಗೆ ಹಾಕಿದ್ರೆ ಅಷ್ಟೂ ಜನ "ಇನ್ನಷ್ಟು ಮೋಟಿವೇಶನ್ ಬೇಕಾದವರೇ".

ಇತ್ತ ಸಣಕಲ ಮಿತ್ರರು ನಗೋದೂ ಬೇಡ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಾವು ಭಾರತೀಯರು ಸಣ್ಣಗೆ ಕಂಡರೂ ಒಳಗೊಳಗೇ ಕೊಬ್ಬು ಕೂಡಿಡೋ ಜನ. ತೂಕದ ಯಂತ್ರಕ್ಕೆ ಅದೆಲ್ಲಿ ಗೊತ್ತಾಗುತ್ತೆ?

"ಹಾಗಾದ್ರೆ ಏನು, ತಿಂದ್ಕೊಂಡು ಬಿದ್ದಿರೋಣ್ವಾ?" ಅಂತ ಕೇಳ್ತೀರ. ಕೇಳಿ. ನಾನು ಹೇಳ್ತಿರೋದು ಅದಲ್ಲ ಮಾರಾಯ್ರೇ. ಮನುಷ್ಯನನ್ನ ರಿಪೇರಿ ಮಾಡೋ ಮುಂಚೆ ಅವನ ಸುತ್ತ ಇರೋದನ್ನ ನೋಡಿ ಅಂತಿದೀನಿ. ಸಂಜೆ ಐದಕ್ಕೆ ಕಂಪನಿ ಖರ್ಚಿನಲ್ಲಿ ಸಮೋಸ ಇಡೋರೂ ಇವರೇ, ಸೋಮವಾರ ತೂಕ ನೋಡೋರೂ ಇವರೇ. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್, ಮುಗಿಯೋದು ಹತ್ತೂಮುಕ್ಕಾಲು, ಆಮೇಲೆ ಊಟ, ಮಲಗೋದು ಒಂದು ಗಂಟೆಗೆ. ಹನ್ನೆರಡು ಜನ ಆರೋಗ್ಯವಂತ ಯುವಕರನ್ನ ಎರಡೇ ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಿಸಿ ಶಿಕಾಗೊದಲ್ಲಿ ಪರೀಕ್ಷೆ ಮಾಡಿದ್ರು, 2004ರಲ್ಲಿ. ಹತ್ತು ಗಂಟೆ ಮಲಗೋಕೆ ಬಿಟ್ಟಾಗಿನದಕ್ಕೆ ಹೋಲಿಸಿದ್ರೆ ಹಸಿವು ಹುಟ್ಟಿಸೋ ಗ್ರೆಲಿನ್ ಶೇ 28 ಏರಿತ್ತು, ಹೊಟ್ಟೆ ತುಂಬ್ತು ಅನ್ನಿಸೋ ಲೆಪ್ಟಿನ್ ಶೇ 18 ಇಳಿದಿತ್ತು. ನಿದ್ದೆ ಕಿತ್ಕೊಂಡು ಹಸಿವು ಕೊಟ್ಟು, ಆಮೇಲೆ "ಮನಸ್ಸು ಗಟ್ಟಿ ಮಾಡ್ಕೋ" ಅನ್ನೋದು ಯಾವ ಸೀಮೆ ನ್ಯಾಯ?

ಮನೆಯವರನ್ನೂ ಸುಮ್ಮನೆ ಬಿಡೋ ಹಾಗಿಲ್ಲ. "ಏನೋ, ಇಷ್ಟು ದಪ್ಪ ಆಗಿದೀಯ" ಅಂತ ಎಲ್ಲರೆದುರು ಹೇಳೋ ಅತ್ತೆಯೇ, ಎಲೆ ಮೇಲೆ ಕೈ ಅಡ್ಡ ಇಟ್ರೂ ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸೋರು. ಮೇಲೆ ತುಪ್ಪ ಬೇರೆ. ಪ್ರೀತಿ, ಒಪ್ಪಿದೆ. ಆದ್ರೆ ಎರಡರಲ್ಲಿ ಒಂದನ್ನ ಇಟ್ಕೊಳ್ಳಿ ಅತ್ತೆ, ಹೋಳಿಗೆ ಇಲ್ಲಾ ಭಾಷಣ.

ನಾನಂತೂ ಊಟವನ್ನ ಏಳೂವರೆಗೆ, ಕಾಲ್‌ಗಿಂತ ಮುಂಚೆ ಮುಗಿಸ್ತೀನಿ. ಮನಸ್ಸು ಇದ್ದ ದಿನವೂ, ಇಲ್ಲದ ದಿನವೂ. ಮುದ್ದೆ ತಿಂತೀನಿ, ಆದ್ರೆ ಅದೂ ಪಿಷ್ಟವೇ, ರಾಗಿ ಅಂದಾಕ್ಷಣ ಮಾಯ ಆಗಲ್ಲ. ಮುದ್ದೆಯ ಗಾತ್ರ ಇಳಿಸಿ ಕಾಳಿನ ಸಾರು ಜಾಸ್ತಿ ಮಾಡಿದೀನಿ. ತೂಕವನ್ನ ದಿನಾ ಬರ್ಕೋತೀನಿ, ಆದ್ರೆ ನೋಡೋದು ಏಳು ದಿನದ ಸರಾಸರಿ ಮಾತ್ರ. ಮತ್ತೆ ದರ್ಜಿಯವರ ಹತ್ರ ಇರುತ್ತಲ್ಲ ಟೇಪು, ಅದೊಂದು ತಗೊಳ್ಳಿ, ಹತ್ತಿಪ್ಪತ್ತು ರೂಪಾಯಿ. ಸೊಂಟದ ಸುತ್ತಳತೆ ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ದಾಟಿದ್ರೆ ಎಚ್ಚರ ಅಂತ ನಮ್ಮ ವೈದ್ಯರು ಹಾಕಿಕೊಟ್ಟಿರೋ ಗೆರೆ. ಹೊಟ್ಟೆ ಒಳಗೆ ಎಳ್ಕೊಂಡು ಅಳೀಬೇಡಿ :-)

ನಮ್ಮ ಹುಡುಗನನ್ನ ಮತ್ತೆ ಕೆರೆ ಹತ್ರ ಕರ್ಕೊಂಡು ಹೋಗೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಈಗ ವಾರಕ್ಕೆ ನಾಲ್ಕು ದಿನ ಬರ್ತಾನೆ. ಮುಂಚಿನ ಹಾಗೆ ಏಳೂ ದಿನ ಅಲ್ಲ.

ಈ ವರ್ಷದ ಸ್ಪರ್ಧೆಯ ಮೇಲು ಬಂದಾಗ ನಾನು ಮೂರು ವಿಷಯ ಬರೆದು ಉತ್ತರಿಸಿದೆ. ತೂಕದ ಬದಲು ಎಷ್ಟು ದಿನ ನಡೆದರು ಅನ್ನೋದನ್ನ ಎಣಿಸಿ, ಅದನ್ನೂ ಪಟ್ಟಿ ಹಾಕಬೇಡಿ. ಸಮೋಸ ಬದಲು ಕಡಲೆ, ಹಣ್ಣು ಇಡಿ. ರಾತ್ರಿ ಒಂಬತ್ತರ ನಂತರದ ಕಾಲ್‌ಗಳನ್ನ ವಾರಕ್ಕೆ ಒಂದಕ್ಕೆ ಇಳಿಸಿ. "ಒಳ್ಳೇ ಸಲಹೆಗಳು, ಚರ್ಚಿಸೋಣ" ಅಂತ ಉತ್ತರ ಬಂತು. ಹದಿನೈದು ದಿನ ಬಿಟ್ಟು ಹೊರಗಿನಿಂದ ಒಬ್ಬ ಮೋಟಿವೇಶನಲ್ ಸ್ಪೀಕರ್ ಕರೆಸಿದ್ರು, ಸಂಜೆ ಐದಕ್ಕೆ, ಸಮೋಸ ಸಮೇತ. ಒಂಬತ್ತೂವರೆ ಕಾಲ್ ಹಾಗೇ ಇದೆ.