ವಿಕಲಚೇತನರ ಸೇವಾಸಂಸ್ಥೆಗಳು ಮತ್ತು ಸಿಬ್ಬಂದಿಯ ಪ್ರಶ್ನೆ

ವಿಕಲಚೇತನ ಮಕ್ಕಳಿಗಾಗಿ ನಡೆಯುತ್ತಿರುವ ನಮ್ಮ ನಾಡಿನ ಯಾವುದೇ ಶಾಲೆಯ ಅಥವಾ ವಸತಿನಿಲಯದ ಬಾಗಿಲಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುವು ದಾನಿಗಳ ಶಿಲಾಫಲಕಗಳು. ಈ ಕೊಠಡಿಯನ್ನು ಇಂಥವರು ತಮ್ಮ ತಂದೆಯವರ ಸ್ಮರಣಾರ್ಥ ಕಟ್ಟಿಸಿದರು, ಈ ಪ್ರಸಾದನಿಲಯ ಇಂಥ ದಂಪತಿಗಳ ಕೊಡುಗೆ, ಈ ಕೊಳವೆಬಾವಿ ಇಂಥ ವರ್ತಕರ ಸಂಘದ್ದು. ಇದನ್ನು ನಾನು ಕುಹಕದಿಂದ ಹೇಳುತ್ತಿಲ್ಲ. ಆ ಕಲ್ಲುಗಳ ಹಿಂದಿನ ಔದಾರ್ಯವಿಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ತಲೆಯ ಮೇಲೆ ಸೂರೇ ಇರುತ್ತಿರಲಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ಸಂಸ್ಥೆಗಳಲ್ಲಿ ಅಧ್ಯಾಪಕನಾಗಿ ಕಳೆದ ನಾನು, ಒಬ್ಬ ಶಿಕ್ಷಕಿಯ ಒಂದು ವರ್ಷದ ವೇತನವನ್ನು ಇಂಥವರು ವಹಿಸಿಕೊಂಡರೆಂದು ಕೆತ್ತಿಸಿದ ಫಲಕವನ್ನು ಈವರೆಗೆ ಎಲ್ಲಿಯೂ ಕಂಡಿಲ್ಲ. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಿಗೆ ಓದುವ ಈ ಸಂಚಿಕೆಯಲ್ಲಿ ಆ ಕೊರತೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಒಂದು ಘಟನೆಯಿಂದ ಆರಂಭಿಸುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಸೆರೆಬ್ರಲ್ ಪಾಲ್ಸಿಯಿಂದ ಬಳಲುತ್ತಿದ್ದ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಮಾತಿಲ್ಲ, ಕುತ್ತಿಗೆಯ ಮೇಲೆ ಹಿಡಿತವಿಲ್ಲ. ಅವಳಿಗೆ ಊಟ ಮಾಡಿಸುತ್ತಿದ್ದ ಆಯಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಮಗುವನ್ನು ನೆಟ್ಟಗೆ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೆತ್ತಗೆ ಕಲಸಿದ ಅನ್ನವನ್ನು ಚಮಚದ ತುದಿಯಲ್ಲಿ ಕೊಟ್ಟು, ನುಂಗಿದ ಮೇಲೆಯೇ ಮುಂದಿನ ತುತ್ತನ್ನು ಎತ್ತುತ್ತಿದ್ದರು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಸರ್ಕಾರದ ಅನುದಾನ ಬರುವುದು ತಡವಾಗಿ ಐದು ತಿಂಗಳು ಸಂಬಳವಿಲ್ಲದಾದಾಗ, ಆ ತಾಯಿ ಊರಿನ ಕಾಲೇಜೊಂದರ ಹಾಸ್ಟೆಲಿನ ಅಡುಗೆಮನೆಗೆ ಸೇರಿಕೊಂಡರು. ಅವರನ್ನು ಯಾರೂ ದೂಷಿಸುವಂತಿರಲಿಲ್ಲ. ಮನೆಯಲ್ಲಿ ಮೂವರು ಮಕ್ಕಳಿದ್ದರು. ಮರುದಿನ ಬಂದ ಹೊಸಬಳು ಒಳ್ಳೆಯ ಮನಸ್ಸಿನ ಹೆಂಗಸೇ. ಚಿಕ್ಕ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹೇಗೆ ಉಣಿಸುತ್ತಾರೋ ಹಾಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿ ಗಂಜಿ ಹಾಕಿದಳು. ಗಂಜಿ ಶ್ವಾಸನಾಳಕ್ಕೆ ಇಳಿಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಳೆದ ಮೇಲೆ ಮಗು ಉಳಿಯಿತು.

ಆಗ ನಮ್ಮ ಆಡಳಿತ ಮಂಡಳಿ ಸಭೆ ಸೇರಿ ಹೊಸ ಆಯಾಳಿಗೆ ಎಚ್ಚರಿಕೆಯ ಪತ್ರ ಕೊಟ್ಟಿತು. ನಾನೂ ಆ ಸಭೆಯಲ್ಲಿದ್ದೆ, ಸುಮ್ಮನೆ ಕುಳಿತಿದ್ದೆ. ಹಳೆಯ ಆಯಾ ಬಲ್ಲದ್ದನ್ನು ಯಾರೂ ಕೇಳಿ ಬರೆದಿಟ್ಟಿರಲಿಲ್ಲ. ಹೊಸಬಳಿಗೆ ಅರ್ಧ ದಿನವೂ ಯಾರೂ ಏನನ್ನೂ ಕಲಿಸಿರಲಿಲ್ಲ. ತಪ್ಪು ಯಾರದೆಂದು ಕೇಳಿದ್ದರೆ ಉತ್ತರ ಆ ಕೋಣೆಯಲ್ಲಿ ಕುರ್ಚಿಗಳ ಮೇಲೆಯೇ ಕುಳಿತಿತ್ತು.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನೂ ನಮ್ಮ ರಾಜ್ಯದಲ್ಲಿ 13.24 ಲಕ್ಷ ಜನರನ್ನೂ ಗುರುತಿಸಿತು. ಆಗ ಕಾನೂನಿನ ಕಣ್ಣಿಗೆ ಕಾಣುತ್ತಿದ್ದವು 1995ರ ಅಧಿನಿಯಮದ ಏಳು ಬಗೆಯ ನ್ಯೂನತೆಗಳು ಮಾತ್ರ. 2016ರ ಅಧಿನಿಯಮ ಅವನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಸ್ನಾಯುಕ್ಷಯ, ಪಾರ್ಕಿನ್‌ಸನ್ಸ್, ಆಸಿಡ್ ದಾಳಿಗೆ ತುತ್ತಾದವರ ಸ್ಥಿತಿ ಮೊದಲಾದುವು ಪಟ್ಟಿಗೆ ಸೇರಿದವು. ಇದು ಸ್ವಾಗತಾರ್ಹವೇ ಸರಿ. ಆದರೆ ಪಟ್ಟಿ ಬೆಳೆದಂತೆ ಸೇವೆ ಮಾಡುವವರ ತಿಳಿವಳಿಕೆಯೂ ಬೆಳೆಯಬೇಕಲ್ಲವೆ? ಇಪ್ಪತ್ತು ವರ್ಷದ ಹಿಂದೆ ಕಿವುಡ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕನ ಮುಂದೆ ಇಂದು ಆಟಿಸಂ ಇರುವ ಬಾಲಕ ಬಂದು ಕೂರುತ್ತಾನೆ. ಅಂದು ಮಕ್ಕಳು ಸಂಜ್ಞೆ ಮಾಡಿದರೆ ಕೈಗೆ ಪೆಟ್ಟು ಬೀಳುತ್ತಿದ್ದ ಶಾಲೆಗಳಿದ್ದವು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಗಿ, 2018ರಲ್ಲಿ ಮೂರು ಸಾವಿರ ಪದಗಳಿಂದ ಆರಂಭವಾದ ಅದರ ನಿಘಂಟು 2021ರ ವೇಳೆಗೆ ಹತ್ತು ಸಾವಿರ ಪದಗಳಿಗೆ ಬೆಳೆದಿದೆ. ಅದೇ ಹಳೆಯ ಶಿಕ್ಷಕ ಅದನ್ನು ಯಾವಾಗ ಕಲಿಯಬೇಕು? ಯಾರ ಖರ್ಚಿನಲ್ಲಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮದ ಪ್ರಕಾರ ವಿಶೇಷ ಶಿಕ್ಷಕರು ಪರಿಷತ್ತಿನ ದಾಖಲೆಯಲ್ಲಿ ನೋಂದಾಯಿತರಾಗಿರಬೇಕು; ನೋಂದಣಿಯ ನವೀಕರಣಕ್ಕೆ ಮುಂದುವರಿಕೆಯ ಶಿಕ್ಷಣವನ್ನು ಪಡೆಯುತ್ತಿರಬೇಕು. ನಮ್ಮ ಅದೃಷ್ಟಕ್ಕೆ ಮೈಸೂರಿನಲ್ಲಿ 1965ರಷ್ಟು ಹಿಂದೆಯೇ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರಿಂದ ಆರಂಭವಾದ ಅಂಗವಿಕಲರ ಸಂಸ್ಥೆಯೂ ಇದೆ. ಕಲಿಸುವವರಿಗೆ ಬರವಿಲ್ಲ. ಕಲಿಯಲು ಹೋಗಬೇಕಾದ ಹಳ್ಳಿಗಾಡಿನ ಶಿಕ್ಷಕಿಗೆ ಮೂರು ದಿನದ ರಜೆ, ಬಸ್ಸಿನ ಖರ್ಚು, ಅವಳ ತರಗತಿಯನ್ನು ನೋಡಿಕೊಳ್ಳಲು ಇನ್ನೊಬ್ಬರು, ಇವುಗಳಿಗೆ ಬರ. ಇನ್ನು ಆಯಾ, ಅಡುಗೆಯವರು, ರಾತ್ರಿ ಕಾವಲಿನವರು, ಇವರ ತರಬೇತಿಯ ಮಾತನ್ನು ಎತ್ತಿದರೆ ನಗುವವರೇ ಹೆಚ್ಚು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಶಿಕ್ಷಕರು ಮಗುವಿನೊಡನಿರುವುದು ಐದಾರು ಗಂಟೆ. ಉಳಿದ ಕಾಲವೆಲ್ಲ ಈ ನಗೆಪಾಟಲಿನವರದೇ.

ತರಬೇತಿ ಕೊಡಿಸಿದರೆ ಅವರು ಬೇರೆ ಕಡೆ ಹೆಚ್ಚಿನ ಸಂಬಳಕ್ಕೆ ಹೋಗಿಬಿಡುತ್ತಾರೆಂಬ ಆಕ್ಷೇಪಣೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೋಗುತ್ತಾರೆ, ನಿಜ. ಹೋದವರು ಇನ್ನೊಂದು ಊರಿನ ಇನ್ನೊಂದು ಮಗುವಿನ ಬಳಿಗೇ ತಾನೆ ಹೋಗುವುದು? ನಮಗೆ ನಿಜವಾಗಿ ಹೆದರಿಕೆಯಾಗಬೇಕಾದದ್ದು ಏನನ್ನೂ ಕಲಿಯದೆ ಇಪ್ಪತ್ತು ವರ್ಷ ನಮ್ಮಲ್ಲೇ ಉಳಿದವರ ವಿಷಯದಲ್ಲಿ.

ಇದಕ್ಕಿಂತ ಕಠಿಣವಾದ ಇನ್ನೊಂದು ಆಕ್ಷೇಪಣೆಯಿದೆ. ಇದು ಸೇವಾಕಾರ್ಯ, ಇಲ್ಲಿ ಸಂಬಳದ ಲೆಕ್ಕಾಚಾರ ತರಬಾರದು ಎನ್ನುವವರು ಸಾಮಾನ್ಯವಾಗಿ ಸಜ್ಜನರೇ. ಸ್ವತಃ ಸಂಸ್ಥೆಯಿಂದ ಒಂದು ಕಾಸನ್ನೂ ಮುಟ್ಟದವರು. ಅವರಲ್ಲಿ ನನ್ನ ವಿನಮ್ರ ನಿವೇದನೆಯಿಷ್ಟೆ: ತಾನಾಗಿ ತ್ಯಾಗ ಮಾಡುವುದು ಬೇರೆ, ಮತ್ತೊಬ್ಬರ ತ್ಯಾಗವನ್ನು ವಿಧಿಸುವುದು ಬೇರೆ. ನಮ್ಮ ಶರಣರು ಕಾಯಕಕ್ಕೆ ಅಷ್ಟು ಉನ್ನತ ಸ್ಥಾನ ಕೊಟ್ಟಾಗ ಕಾಯಕದಿಂದ ಬಂದುದರಲ್ಲೇ ದಾಸೋಹ ನಡೆಯಬೇಕೆಂದರು. ಕಾಯಕದಿಂದ ಏನೂ ಬಾರದವನು ಯಾವುದರಿಂದ ದಾಸೋಹ ಮಾಡಬೇಕು? "ಗೌರವಧನ" ಎಂಬ ಮಾತನ್ನು ಕಂಡರೆ ನನಗಂತೂ ಅನುಮಾನ. ಧನವೂ ಸಾಲದೆ ಗೌರವವೂ ಸಾಲದೆ ಇರುವ ಕಡೆಗಳಲ್ಲೇ ಆ ಶಬ್ದ ಹೆಚ್ಚಾಗಿ ಬಳಕೆಯಾಗುತ್ತದೆ.

ಮೊದಲು ಕಟ್ಟಡ, ಆಮೇಲೆ ಜನ ಎಂಬ ಕ್ರಮವೇ ಸರಿಯೆಂದು ತಿಳಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ನೆನೆಯಬೇಕು. ಹಾನಗಲ್ ಕುಮಾರ ಸ್ವಾಮಿಗಳು ಮೊದಲು ಕಟ್ಟಿದ್ದು ಅಂಧರ ಶಾಲೆಯನ್ನಲ್ಲ. ಒಬ್ಬ ಅಂಧ ಬಾಲಕನನ್ನು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳಿಗೆ ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಶಿಕ್ಷಣ ದೊರೆಯುವಂತೆ ನೋಡಿಕೊಂಡು, ಆ ವರ್ಷಗಳ ಯೋಗಕ್ಷೇಮವನ್ನು ಅವರೇ ಹೊತ್ತರು. ಹಾಗೆ ಸಿದ್ಧರಾದ ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ನೆಲೆನಿಂತ ಆಶ್ರಮ ಆಮೇಲಿನದು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಭಾರವನ್ನು ಹೊರಲು ಅವರಲ್ಲೇ ಬೆಳೆದ ಪುಟ್ಟರಾಜ ಗವಾಯಿಗಳು ಸಿದ್ಧರಾಗಿದ್ದರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಅವರು ನಾಟಕ ಕಂಪನಿಯ ಗಳಿಕೆಯಿಂದಲೂ ಆಶ್ರಮವನ್ನು ಸಾಕುತ್ತ 2010ರವರೆಗೆ ಅದನ್ನು ನಡೆಸಿದರು. ಅಲ್ಲಿ ಕಲಿತ ಎಷ್ಟೋ ಜನ ಇಂದು ನಾಡಿನ ಶಾಲೆಗಳಲ್ಲಿ ಸಂಗೀತದ ಅಧ್ಯಾಪಕರು. ಸೇವೆ ಪಡೆಯುವವರು ಮತ್ತು ಸೇವೆ ನೀಡುವವರು ಎಂಬ ಎರಡು ಜಾತಿಗಳು ಅಲ್ಲಿಲ್ಲ. ನಮ್ಮ ಸಂಸ್ಥೆಗಳಲ್ಲಿ ಎಷ್ಟು ಮಂದಿ ವಿಕಲಚೇತನ ಅಧ್ಯಾಪಕರಿದ್ದಾರೆಂದು ಈ ಸಂಚಿಕೆಯ ಓದುಗರು ಒಮ್ಮೆ ಎಣಿಸಿ ನೋಡಬಹುದು.

ಸಂಬಳ ಮತ್ತು ತರಬೇತಿಗಳಿಂದಲೇ ಎಲ್ಲವೂ ಸರಿಹೋದೀತೆಂದು ನಾನು ಹೇಳುವುದಿಲ್ಲ. ಹದಿನೈದು ವರ್ಷದ ಹುಡುಗನನ್ನು ದಿನಕ್ಕೆ ಹತ್ತು ಸಲ ಎತ್ತಿ ಇಳಿಸುವವರ ಸೊಂಟ ನೋಯುತ್ತದೆ. ಮೊಣಕಾಲು ಮಡಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು, ಇಬ್ಬರು ಸೇರಿ ಎತ್ತಬೇಕೆಂದು ಅವರಿಗೆ ಹೇಳಿದವರಿಲ್ಲ. ಮನಸ್ಸೂ ನೋಯುತ್ತದೆ. ಕಚ್ಚುವ, ಪರಚುವ ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಂಡವರು ಒಂದು ದಿನ ಕೈ ಎತ್ತುತ್ತಾರೆ. ಅದು ಅಕ್ಷಮ್ಯ. ಆದರೆ ಆ ಕೈ ಮೇಲೇಳುವ ಮುನ್ನ, ತನ್ನಿಂದ ಇನ್ನು ಸಾಧ್ಯವಿಲ್ಲವೆಂದು ಹೇಳಿಕೊಳ್ಳಲು ಅವರಿಗೆ ಒಬ್ಬ ಹಿರಿಯರು ಇದ್ದರೆ? ವಾರಕ್ಕೆ ಒಂದು ಗಂಟೆ, ಪ್ರತಿಯೊಬ್ಬರೂ ತಮ್ಮ ಮಗುವಿನ ಸಂಗತಿಯನ್ನೂ ತಮ್ಮ ತೊಡಕನ್ನೂ ಹೇಳಿಕೊಳ್ಳುವ ಸಭೆಯೊಂದನ್ನು ನಾನು ಕೊನೆಯ ಎಂಟು ವರ್ಷ ನಡೆಸಿದೆ. ಮೊದಲ ತಿಂಗಳು ಯಾರೂ ಬಾಯಿ ಬಿಡಲಿಲ್ಲ. ಮುಖ್ಯೋಪಾಧ್ಯಾಯರು ಎದುರಿಗಿದ್ದರೆ ಬಿಡುವುದಾದರೂ ಹೇಗೆ? ಅವರು ಬರುವುದನ್ನು ನಿಲ್ಲಿಸಿದ ಮೇಲೆ ಮಾತು ಹರಿಯಿತು. ಅಲ್ಲಿ ನಾನು ಕಲಿತದ್ದು ನನ್ನ ಡಿಪ್ಲೊಮಾದಲ್ಲಿ ಕಲಿತದ್ದಕ್ಕಿಂತ ಕಡಿಮೆಯಲ್ಲ.

ಇಂಥ ಸಭೆ ಇನ್ನೂ ಒಂದು ಕಾರಣಕ್ಕೆ ಅಗತ್ಯ. ಮಾತಿಲ್ಲದ ಮಗುವಿಗೆ ಯಾರಾದರೂ ಕೇಡು ಮಾಡಿದರೆ ಅದು ಮೊದಲು ಗೊತ್ತಾಗುವುದು ಸ್ನಾನ ಮಾಡಿಸುವವರಿಗೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಬಗೆಗಿನ 2012ರ ಅಧಿನಿಯಮದಂತೆ ಅಂಥ ಸಂಗತಿ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಗುವಿಗೆ ನ್ಯೂನತೆಯಿದ್ದಲ್ಲಿ ಅದರ ಸಂವಹನದ ರೀತಿಯನ್ನು ಬಲ್ಲವರ ನೆರವನ್ನು ವಿಶೇಷ ನ್ಯಾಯಾಲಯ ಪಡೆಯಬಹುದೆಂದೂ ಅದರಲ್ಲಿದೆ. ಎಂದರೆ ನಾವು ಅನಕ್ಷರಸ್ಥಳೆಂದು ಬದಿಗೊತ್ತಿದ ಆಯಾಳ ತಿಳಿವಳಿಕೆಗೆ ನ್ಯಾಯಾಲಯದಲ್ಲಿ ಬೆಲೆಯಿದೆ. ಇದನ್ನು ಅವಳಿಗೆ ಹೇಳಿದ ಸಂಸ್ಥೆಗಳು ಎಷ್ಟು?

ದಾನಿಗಳಲ್ಲಿ ಕೆಲವರು, ಅದರಲ್ಲೂ ಪರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ವೇತನಕ್ಕೆ ಕೊಟ್ಟರೆ ಅದು ಆಡಳಿತ ವೆಚ್ಚವಾಗುತ್ತದೆಂದು ಅಂಜುತ್ತಾರೆ. ವಿದೇಶಿ ವಂತಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಸಿದ್ದು ನಿಜ. ಆದರೆ ಅದೇ ಕಾನೂನಿನಡಿ 2011ರಲ್ಲಿ ರಚಿತವಾದ ನಿಯಮಗಳು ಶಾಲೆಯ ಶಿಕ್ಷಕರ ವೇತನವನ್ನೂ ಆಸ್ಪತ್ರೆಯ ವೈದ್ಯರ ವೇತನವನ್ನೂ ಆಡಳಿತ ವೆಚ್ಚದಿಂದ ಹೊರಗಿಟ್ಟಿವೆ. ಮಗುವಿಗೆ ಪಾಠ ಹೇಳುವುದು ಸಂಸ್ಥೆಯ ಉದ್ದೇಶವೇ ಹೊರತು ಅದರ ಆಡಳಿತವಲ್ಲವೆಂಬುದನ್ನು ಕಾನೂನು ನಮಗಿಂತ ಮೊದಲೇ ಅರಿತಂತಿದೆ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಇಂಥ ಸೇವೆಯಲ್ಲಿರುವ ಪ್ರತಿ ಸಂಸ್ಥೆಯೂ ಕಟ್ಟಡ ನಿಧಿಯಂತೆಯೇ ಸಿಬ್ಬಂದಿ ನಿಧಿಯೊಂದನ್ನು ತೆರೆಯಲಿ. ಅನುದಾನ ತಡವಾದ ತಿಂಗಳುಗಳಲ್ಲಿ ಅದರಿಂದ ಸಂಬಳ ಕೊಟ್ಟು, ಅನುದಾನ ಬಂದೊಡನೆ ತುಂಬಿಕೊಳ್ಳಲಿ. ಉಳಿದುದರಲ್ಲಿ ಒಬ್ಬ ಬದಲಿ ಶಿಕ್ಷಕರನ್ನೂ ಒಬ್ಬ ಬದಲಿ ಆಯಾಳನ್ನೂ ಇಟ್ಟುಕೊಂಡರೆ ಉಳಿದವರು ಸರದಿಯಂತೆ ಕಲಿಯಲು ಹೋಗಿಬರಬಹುದು. ಮನೆಯಲ್ಲಿ ಕಾಯಿಲೆಯಾದರೆ ಕಳ್ಳತನದಂತೆ ರಜೆ ಕೇಳಬೇಕಾದ ಸ್ಥಿತಿಯೂ ತಪ್ಪುತ್ತದೆ. ಲೆಕ್ಕವನ್ನು ವರ್ಷಕ್ಕೊಮ್ಮೆ ದಾನಿಗಳ ಮುಂದಿಡಲಿ. ಫಲಕ ಬೇಕೆಂದರೆ ಅದನ್ನೂ ಹಾಕೋಣ, ತಪ್ಪೇನು?

ಮೊದಲು ಹೇಳಿದ ಹುಡುಗಿಯ ಸಂಗತಿ ಅರ್ಧಕ್ಕೆ ನಿಂತಿತು. ಅವಳು ಆಸ್ಪತ್ರೆಯಿಂದ ಮರಳಿದ ಮೇಲೆ ಒಂದು ಭಾನುವಾರ ಹಳೆಯ ಆಯಾ ತಾವಾಗಿಯೇ ಬಂದರು. ಹೊಸಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗುವಿನ ಗಲ್ಲವನ್ನು ಯಾವ ಬೆರಳಿನಿಂದ ಹೇಗೆ ಆನಿಸಬೇಕೆಂದು ತೋರಿಸಿದರು. ನಾನು ಅದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಅವರ ಬಸ್ಸಿನ ಖರ್ಚನ್ನು ಕೊಟ್ಟವರು, ತಮಗೂ ಐದು ತಿಂಗಳ ಸಂಬಳ ಬರಬೇಕಾಗಿದ್ದ ನಮ್ಮ ಅಡುಗೆಯವರು.